ಮಂತ್ರಿಯನ್ನು ಮನೆಗೆ ಕಳಿಸುವವರು ಯಾರು? ಬರ್ಲಿನ್, ವಿಯೆನ್ನಾ, ಬರ್ನ್‌ನಲ್ಲಿ ಮೂರು ಉತ್ತರ

ಪ್ರಶ್ನೆ: ನನ್ನ ಮಗ ಜರ್ಮನಿಯಲ್ಲಿ ಎಂಜಿನಿಯರ್, ಸೊಸೆಯ ತಮ್ಮ ಜ್ಯೂರಿಕ್‌ನಲ್ಲಿದ್ದಾನೆ. ಫೋನಿನಲ್ಲಿ ಮಾತಾಡುವಾಗ ಅಲ್ಲಿನ ರಾಜಕೀಯವೂ ಬರುತ್ತದೆ. ಜರ್ಮನಿಯ ಚಾನ್ಸಲರ್ (ಅಲ್ಲಿನ ಪ್ರಧಾನಿ) ರಾತ್ರೋರಾತ್ರಿ ಹಣಕಾಸು ಸಚಿವರನ್ನೇ ವಜಾ ಮಾಡಿದರಂತೆ. ಆಸ್ಟ್ರಿಯಾದಲ್ಲಿ ಸಚಿವೆಯೊಬ್ಬರು ಚಾನ್ಸಲರ್ ಬೇಡವೆಂದರೂ ಯುರೋಪಿನ ಸಭೆಯಲ್ಲಿ ಮತ ಹಾಕಿ ಬಂದರಂತೆ, ಆದರೂ ಕುರ್ಚಿಗೆ ಏನೂ ಆಗಲಿಲ್ಲವಂತೆ. ಸ್ವಿಟ್ಜರ್ಲೆಂಡ್‌ನಲ್ಲಂತೂ ಪ್ರಧಾನಿಯೇ ಇಲ್ಲವಂತೆ. ಮೂರೂ ಕಡೆ ಭಾಷೆ ಒಂದೇ, ಮೂರೂ ಒಕ್ಕೂಟ ರಾಷ್ಟ್ರಗಳು. ಹಾಗಿದ್ದರೆ ಅಲ್ಲಿನ ಕೇಂದ್ರ ಸಚಿವರಿಗೆ ನಿಜಕ್ಕೂ ಏನು ಅಧಿಕಾರ? ಇನ್ನೊಂದು ವಿಷಯ: ಮಗನ ವಾಸದ ಪರವಾನಗಿಯ ನವೀಕರಣ ತಿಂಗಳುಗಟ್ಟಲೆ ಬಾಕಿ ಇದೆ. ನಾವು ಇಲ್ಲಿ ಮಾಡುವ ಹಾಗೆ ಗೃಹ ಸಚಿವರಿಗೇ ಒಂದು ಮನವಿ ಬರೆದರೆ ಹೇಗೆ?
— ನಿವೃತ್ತ ಶಿಕ್ಷಕರು, ಹಾಸನ

ಉತ್ತರ: ನೀವು ಕೊಟ್ಟ ಉದಾಹರಣೆಗಳಲ್ಲೇ ಅರ್ಧ ಉತ್ತರ ಇದೆ. ಸಚಿವರೊಬ್ಬರ ಬಲ ಅಳೆಯಲು ಅವರ ಖಾತೆ ಎಷ್ಟು ದೊಡ್ಡದು ಎಂದು ನೋಡುವುದಕ್ಕಿಂತ, ಅವರನ್ನು ಮನೆಗೆ ಕಳಿಸಬಲ್ಲವರು ಯಾರು, ಹಾಗೆ ಕಳಿಸಿದರೆ ಕಳಿಸಿದವರಿಗೆ ಏನು ನಷ್ಟ ಎಂದು ನೋಡುವುದು ಮೇಲು. ಈ ಎರಡು ಪ್ರಶ್ನೆಗಳಿಗೆ ಮೂರು ದೇಶಗಳ ರಾಜಧಾನಿಗಳಾದ ಬರ್ಲಿನ್, ವಿಯೆನ್ನಾ, ಬರ್ನ್ ಬೇರೆ ಬೇರೆ ಉತ್ತರ ಕೊಡುತ್ತವೆ. ಉಳಿದ ವ್ಯತ್ಯಾಸಗಳು ಬಹುಮಟ್ಟಿಗೆ ಅಲ್ಲಿಂದಲೇ ಹುಟ್ಟಿದವು. (ಒಂದು ಸಣ್ಣ ತಿದ್ದುಪಡಿ: ಸ್ವಿಟ್ಜರ್ಲೆಂಡ್‌ನಲ್ಲಿ ಜರ್ಮನ್ ಜೊತೆಗೆ ಫ್ರೆಂಚ್, ಇಟಾಲಿಯನ್, ರೊಮಾಂಷ್ ಕೂಡ ರಾಷ್ಟ್ರಭಾಷೆಗಳೇ. ಸಂಪುಟ ರಚಿಸುವಾಗ ಅಲ್ಲಿ ಇದನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ.)

ನೀವು ಹೇಳಿದ ರಾತ್ರಿ 2024ರ ನವೆಂಬರ್ 6. ಚಾನ್ಸಲರ್ ಓಲಾಫ್ ಶೋಲ್ಜ್ ಮಾಧ್ಯಮಗಳ ಮುಂದೆ ಬಂದು ಹಣಕಾಸು ಸಚಿವ ಕ್ರಿಶ್ಚಿಯನ್ ಲಿಂಡ್ನರ್ ಅವರನ್ನು ವಜಾ ಮಾಡುವುದಾಗಿ ಹೇಳಿದರು. ಜಗಳ ಬಜೆಟ್ಟಿನದು. ಉಕ್ರೇನ್ ನೆರವಿಗಾಗಿ, ಸಂವಿಧಾನದಲ್ಲೇ ಬರೆದಿರುವ ಸಾಲದ ಮಿತಿಗೆ ವಿನಾಯಿತಿ ಕೊಡೋಣ ಎಂದರು ಚಾನ್ಸಲರ್, ಸಾಧ್ಯವೇ ಇಲ್ಲ ಎಂದರು ಸಚಿವ. ಮರುದಿನ ಅಧ್ಯಕ್ಷ ಫ್ರಾಂಕ್-ವಾಲ್ಟರ್ ಸ್ಟೈನ್‌ಮಯರ್ ತಮ್ಮ ಬೆಲ್ವ್ಯೂ ಅರಮನೆಯಲ್ಲಿ ಲಿಂಡ್ನರ್ ಕೈಗೆ ವಜಾ ಪತ್ರ ಕೊಟ್ಟರು. ಅಲ್ಲಿನ ಶಿಷ್ಟಾಚಾರ ಹಾಗೆ: ನೇಮಕದ ಪತ್ರವನ್ನು ಯಾರ ಕೈಯಿಂದ ಪಡೆದರೋ ವಜಾ ಪತ್ರವನ್ನೂ ಅವರ ಕೈಯಿಂದಲೇ, ಕ್ಯಾಮೆರಾಗಳ ಎದುರೇ ಪಡೆಯಬೇಕು.

ಅಧ್ಯಕ್ಷರು ಪತ್ರ ಕೊಟ್ಟರೂ ತೀರ್ಮಾನ ಅವರದಲ್ಲ. 1949ರ ಸಂವಿಧಾನದ 64ನೇ ವಿಧಿಯ ಪ್ರಕಾರ ಸಚಿವರ ನೇಮಕ, ವಜಾ ಎರಡೂ ಚಾನ್ಸಲರ್ ಸೂಚನೆಯ ಮೇರೆಗೆ ನಡೆಯಬೇಕು. ಸಂಸತ್ತಿನ ಕೆಳಮನೆಯಾದ ಬುಂಡೆಸ್ಟಾಗ್ ಒಬ್ಬ ಸಚಿವರನ್ನು ಹೆಸರು ಹಿಡಿದು ಇಳಿಸುವಂತಿಲ್ಲ. ಖಂಡನಾ ನಿರ್ಣಯ ತರಬಹುದು, ಅದಕ್ಕೆ ಕಾನೂನಿನ ಬಲವಿಲ್ಲ. ಚಾನ್ಸಲರನ್ನೇ ಇಳಿಸಬೇಕೆಂದರೂ ಅದೇ ಮತದಾನದಲ್ಲಿ ಅವರ ಜಾಗಕ್ಕೆ ಇನ್ನೊಬ್ಬರನ್ನು ಆರಿಸಬೇಕು. ಈ ಅಸ್ತ್ರವನ್ನು ಇದುವರೆಗೆ ಎರಡೇ ಸಲ ಪ್ರಯೋಗಿಸಿದ್ದಾರೆ. 1972ರಲ್ಲಿ ವಿಲ್ಲಿ ಬ್ರಾಂಟ್ ಪಾರಾದರು, 1982ರಲ್ಲಿ ಹೆಲ್ಮುಟ್ ಶ್ಮಿಟ್ ಹೋಗಿ ಹೆಲ್ಮುಟ್ ಕೋಲ್ ಬಂದರು. ಹಿಟ್ಲರನಿಗೂ ಮೊದಲಿನ ವೈಮಾರ್ ಗಣರಾಜ್ಯದಲ್ಲಿ ಸಂಸತ್ತು ಬೇಕೆಂದಾಗ ಒಬ್ಬೊಬ್ಬ ಸಚಿವರನ್ನೂ ಇಳಿಸಬಹುದಿತ್ತು, ಸರ್ಕಾರಗಳು ಒಂದರ ಹಿಂದೊಂದು ಉರುಳುತ್ತಿದ್ದವು. ಅದನ್ನು ಕಣ್ಣಾರೆ ಕಂಡವರು ಬರೆದ ಸಂವಿಧಾನ ಇದು. ಹೀಗಾಗಿ ಜರ್ಮನ್ ಸಚಿವರ ಪಾಲಿಗೆ ಸಂಸತ್ತು ಪ್ರಶ್ನೆ ಕೇಳುವ, ಕರೆಸಿ ಕೂರಿಸುವ ಜಾಗ. ಕುರ್ಚಿಯ ಕೀಲಿ ಮಾತ್ರ ಚಾನ್ಸಲರ್ ಹತ್ತಿರ.

ಅದೇ ರಾತ್ರಿಯ ಇನ್ನೊಬ್ಬ ಪಾತ್ರಧಾರಿ ಸಾರಿಗೆ ಮತ್ತು ಡಿಜಿಟಲ್ ಸಚಿವ ಫೋಲ್ಕರ್ ವಿಸ್ಸಿಂಗ್. 2023ರ ಆಗಸ್ಟ್‌ನಲ್ಲಿ ಜಿ20 ಡಿಜಿಟಲ್ ಸಚಿವರ ಸಭೆಗೆ ಬೆಂಗಳೂರಿಗೆ ಬಂದು, ತರಕಾರಿ ಅಂಗಡಿಯಲ್ಲಿ ಯುಪಿಐ ಮೂಲಕ ಹಣ ಕೊಟ್ಟು ಸುದ್ದಿಯಾದವರು ಇವರೇ. ಇವರದೂ ಲಿಂಡ್ನರ್ ಅವರದೇ ಪಕ್ಷ. ಪಕ್ಷ ಸರ್ಕಾರದಿಂದ ಹೊರಬಂದಾಗ ವಿಸ್ಸಿಂಗ್ ಪಕ್ಷವನ್ನೇ ಬಿಟ್ಟರು, ಸಚಿವರಾಗಿ ಉಳಿದರು. ಸಾಲದ್ದಕ್ಕೆ ಖಾಲಿಯಾದ ನ್ಯಾಯ ಖಾತೆಯೂ ಅವರ ಕೈಸೇರಿತು. ನಮ್ಮಲ್ಲಾಗಿದ್ದರೆ ಪಕ್ಷಾಂತರ ನಿಷೇಧ ಕಾಯ್ದೆ, ಸ್ಪೀಕರ್ ನೋಟಿಸು ಎಂದು ವರ್ಷಗಟ್ಟಲೆ ಎಳೆಯುತ್ತಿತ್ತು. ಜರ್ಮನಿಯಲ್ಲಿ ಅಂಥ ಕಾಯ್ದೆಯೇ ಇಲ್ಲ. ಸಚಿವ ಸ್ಥಾನ ಕಾನೂನಿನ ಪ್ರಕಾರ ಪಕ್ಷದ್ದಲ್ಲ, ಚಾನ್ಸಲರ್ ಇಟ್ಟುಕೊಂಡಷ್ಟು ದಿನ ಇರುತ್ತದೆ. ಚಾನ್ಸಲರ್ ಹೋದ ದಿನ ಎಲ್ಲ ಸಚಿವರೂ ಹೋದಂತೆ, ಹೊಸ ಸರ್ಕಾರ ಬರುವವರೆಗೆ ಉಸ್ತುವಾರಿ ಅಷ್ಟೇ. ಸಂಸತ್ ಸದಸ್ಯತ್ವವೂ ಕಡ್ಡಾಯವಲ್ಲ. ನಮ್ಮ ಸಂವಿಧಾನದ 75ನೇ ವಿಧಿ ಕೊಡುವ ಆರು ತಿಂಗಳ ಗಡುವು ಅಲ್ಲಿಲ್ಲ. 2023ರ ಜನವರಿಯಲ್ಲಿ ರಕ್ಷಣಾ ಸಚಿವರಾದ ಬೋರಿಸ್ ಪಿಸ್ಟೋರಿಯಸ್ ಆಗ ಲೋವರ್ ಸ್ಯಾಕ್ಸನಿ ರಾಜ್ಯದ ಗೃಹ ಸಚಿವರಾಗಿದ್ದರು, ಬುಂಡೆಸ್ಟಾಗ್ ಸದಸ್ಯರಾಗಿರಲಿಲ್ಲ.

ಹಾಗಾದರೆ ಜರ್ಮನ್ ಸಚಿವರು ಚಾನ್ಸಲರ್ ಹೇಳಿದ್ದಕ್ಕೆಲ್ಲ ತಲೆಯಾಡಿಸಬೇಕೇ? ಇಲ್ಲ. 65ನೇ ವಿಧಿ ಇಲ್ಲಿ ಜಾಣತನದಿಂದ ಅಧಿಕಾರ ಹಂಚಿದೆ. ನೀತಿಯ ದೊಡ್ಡ ದಿಕ್ಕನ್ನು ನಿರ್ಧರಿಸುವುದು ಚಾನ್ಸಲರ್. ಆ ದಿಕ್ಕಿನೊಳಗೆ ತನ್ನ ಖಾತೆಯನ್ನು ಸಚಿವರು ಸ್ವತಂತ್ರವಾಗಿ, ತಮ್ಮದೇ ಹೊಣೆಯಲ್ಲಿ ನಡೆಸುತ್ತಾರೆ. ಇಬ್ಬರು ಸಚಿವರ ನಡುವೆ ತಕರಾರು ಬಂದರೆ ಇಡೀ ಸಂಪುಟ ಮತ ಹಾಕಿ ತೀರ್ಮಾನಿಸುತ್ತದೆ. ಅಂದರೆ ಚಾನ್ಸಲರ್ ಒಬ್ಬ ಸಚಿವರ ತಲೆ ಮೇಲೆ ಹಾದು ಅವರ ಇಲಾಖೆಯ ಅಧಿಕಾರಿಗೆ ನೇರವಾಗಿ ಆದೇಶ ಕೊಡುವಂತಿಲ್ಲ. ಮುಖ್ಯಮಂತ್ರಿ ಕಚೇರಿಯಿಂದ ಇಲಾಖಾ ಕಾರ್ಯದರ್ಶಿಗೆ ಫೋನ್ ಬಂದು ಕಡತ ತಿರುಗುವ ನಮ್ಮ ರೂಢಿ ಕಂಡವರಿಗೆ ಇದು ವಿಚಿತ್ರ ಎನಿಸಬಹುದು.

ಚಾನ್ಸಲರ್ ಆ ‘ದಿಕ್ಕು’ ತೋರಿಸುವ ಅಧಿಕಾರವನ್ನು ಬಾಯಿಬಿಟ್ಟು ಬಳಸುವುದು ಅಪರೂಪ. 2022ರ ಅಕ್ಟೋಬರ್ 17ರಂದು ಶೋಲ್ಜ್ ಬಳಸಿದರು. ಕೊನೆಯ ಮೂರು ಅಣುಸ್ಥಾವರಗಳಾದ ಇಸಾರ್-2, ನೆಕರ್‌ವೆಸ್ಟ್‌ಹೈಮ್-2, ಎಮ್ಸ್‌ಲ್ಯಾಂಡ್ ಇನ್ನೆಷ್ಟು ದಿನ ನಡೆಯಬೇಕು ಎಂಬ ಬಗ್ಗೆ ಹಸಿರು ಪಕ್ಷದ ಸಚಿವರಿಗೂ ಲಿಂಡ್ನರ್ ಅವರಿಗೂ ವಾರಗಟ್ಟಲೆ ಎಳೆದಾಟ ನಡೆದಿತ್ತು. ಶೋಲ್ಜ್ ಒಂದು ಪುಟ್ಟ ಪತ್ರ ಬರೆದರು: ಮೂರೂ 2023ರ ಏಪ್ರಿಲ್ 15ರವರೆಗೆ ನಡೆಯಲಿ, ಬೇಕಾದ ಕಾನೂನು ಸಿದ್ಧಪಡಿಸಿ. ಪತ್ರ ಪತ್ರಿಕೆಗಳಿಗೂ ಸಿಕ್ಕಿತು. ಅಂದಿನ ಮಟ್ಟಿಗೆ ಶೋಲ್ಜ್ ಗಟ್ಟಿಗರು ಎನಿಸಿಕೊಂಡರು. ನನ್ನ ಅಭಿಪ್ರಾಯ ಬೇರೆ. ಸಮ್ಮಿಶ್ರ ಸರ್ಕಾರದಲ್ಲಿ ಇಂಥ ಪತ್ರ ಬರೆಯಬೇಕಾಗಿ ಬಂದಿದೆ ಎಂದರೇ ಒಳಗಿನ ಮಾತುಕತೆ ಸತ್ತಿದೆ ಎಂದರ್ಥ. ಎರಡು ವರ್ಷ ಕಳೆಯುತ್ತಿದ್ದಂತೆ ಸರ್ಕಾರವೂ ಮುರಿಯಿತು.

ಸಂಪುಟ ಸೇರುವುದು ಸಾಮಾನ್ಯವಾಗಿ ಬುಧವಾರ ಬೆಳಿಗ್ಗೆ. ಟಿವಿಯಲ್ಲಿ ಕಾಣುವುದು ಆ ಉದ್ದ ಮೇಜು, ಕೈಕುಲುಕಾಟ. ಆದರೆ ಕೆಲಸವೆಲ್ಲ ಅದಕ್ಕೂ ಮೊದಲೇ ಮುಗಿದಿರುತ್ತದೆ. ಮಸೂದೆಯ ಕರಡು ಹುಟ್ಟುವುದು ಸಚಿವಾಲಯದ ಒಂದು ವಿಭಾಗದಲ್ಲಿ, ಆ ವಿಷಯವನ್ನೇ ಅರೆದು ಕುಡಿದ ಅಧಿಕಾರಿಗಳ ಮೇಜಿನ ಮೇಲೆ. ಅಲ್ಲಿಂದ ಅದು ಸಂಬಂಧಪಟ್ಟ ಎಲ್ಲ ಸಚಿವಾಲಯಗಳಿಗೂ ಸುತ್ತಬೇಕು. ರಾಜ್ಯಗಳೂ ಕಾರ್ಮಿಕ, ಉದ್ಯಮ ಸಂಘಗಳೂ ಅಭಿಪ್ರಾಯ ಹೇಳುತ್ತವೆ. ಕಾನೂನಿನ ದೃಷ್ಟಿಯಿಂದ ನ್ಯಾಯ ಸಚಿವಾಲಯ ಒಂದೊಂದು ಕಲಮನ್ನೂ ಜಾಲಾಡುತ್ತದೆ. ಬುಧವಾರಕ್ಕೆ ಮೊದಲು ಕಾರ್ಯದರ್ಶಿಗಳು ಕೂತು ಉಳಿದ ಗಂಟುಗಳನ್ನು ಬಿಚ್ಚುತ್ತಾರೆ. ಒಮ್ಮತ ಆದದ್ದೆಲ್ಲ ಒಂದೇ ಪಟ್ಟಿಯಲ್ಲಿ ಬಂದು ಚರ್ಚೆಯಿಲ್ಲದೆ ಪಾಸಾಗುತ್ತದೆ. ಈ ಸುತ್ತಾಟದಲ್ಲಿ ಬೇರೆ ಖಾತೆಯವರ ಅಡ್ಡಗಾಲನ್ನು ಎಷ್ಟು ಬೇಗ ತೆಗೆಸುತ್ತಾರೆ ಎಂಬುದರಲ್ಲೇ ಸಚಿವರ ಸಾಮರ್ಥ್ಯ ಗೊತ್ತಾಗುತ್ತದೆ. ಭಾಷಣ ಆಮೇಲಿನ ಮಾತು.

ಅಂದ ಹಾಗೆ ಈ ಕಾರ್ಯದರ್ಶಿಗಳಲ್ಲಿ ಎರಡು ಬಗೆ. ಒಬ್ಬರು ಅಧಿಕಾರಿ, ಸುಮಾರಾಗಿ ನಮ್ಮ ಇಲಾಖಾ ಕಾರ್ಯದರ್ಶಿಯಂತೆ. ಆದರೆ ಇವರನ್ನು ಸರ್ಕಾರ ಯಾವಾಗ ಬೇಕಾದರೂ ‘ತಾತ್ಕಾಲಿಕ ನಿವೃತ್ತಿ’ಗೆ ಕಳಿಸಬಹುದು. ಸಚಿವರು ಬದಲಾದಾಗ ಮೇಲಿನ ಮಹಡಿಯ ಮುಖಗಳೂ ಬದಲಾಗುವುದು ಇದರಿಂದ. ಇನ್ನೊಬ್ಬರು ಸಂಸದರು, 1967ರಲ್ಲಿ ಸೃಷ್ಟಿಯಾದ ಹುದ್ದೆ. ನಮ್ಮ ರಾಜ್ಯ ದರ್ಜೆ ಸಚಿವರನ್ನು ಹೋಲುತ್ತದೆ, ಆದರೆ ಸಂಪುಟದಲ್ಲಿ ಮತವಿಲ್ಲ.

ಎಲ್ಲ ಸಚಿವರೂ ಸಮಾನರು ಎಂಬುದು ಕಾಗದದ ಮಾತು. ಹಣಕಾಸು ಸಚಿವರ ತೂಕವೇ ಬೇರೆ. ಬಜೆಟ್ ಮೀರಿದ ಖರ್ಚಿಗೆ ಅವರ ಒಪ್ಪಿಗೆ ಬೇಕೆಂದು 112ನೇ ವಿಧಿ ಹೇಳುತ್ತದೆ. ಹಣಕ್ಕೆ ಸಂಬಂಧಿಸಿದ ವಿಷಯದಲ್ಲಿ ಅವರು ಸಂಪುಟದಲ್ಲಿ ಆಕ್ಷೇಪ ಎತ್ತಿದರೆ ಇನ್ನೊಂದು ಸಭೆ ಕರೆಯಬೇಕು, ಅಲ್ಲಿ ಚಾನ್ಸಲರ್ ಸೇರಿದ ಬಹುಮತ ಬಂದರಷ್ಟೇ ಆ ಆಕ್ಷೇಪ ಬೀಳುತ್ತದೆ. ರಕ್ಷಣಾ ಸಚಿವರಿಗೆ ಶಾಂತಿಕಾಲದಲ್ಲಿ ಸೇನೆಯ ಮೇಲಿನ ಅಧಿಕಾರವೇ ಇದೆ. ದೇಶದ ಮೇಲೆ ದಾಳಿಯಾಗಿ ರಕ್ಷಣಾ ಸ್ಥಿತಿ ಘೋಷಣೆಯಾದರೆ ಅದು ಚಾನ್ಸಲರ್‌ಗೆ ಹೋಗುತ್ತದೆ. ಕೇಳಲು ದೊಡ್ಡ ಅಧಿಕಾರ. ಆದರೆ ಸೈನಿಕರನ್ನು ಹೊರದೇಶಕ್ಕೆ ಸಶಸ್ತ್ರ ಕಾರ್ಯಾಚರಣೆಗೆ ಕಳಿಸಲು ಬುಂಡೆಸ್ಟಾಗ್ ಒಪ್ಪಬೇಕು. 2.5 ಕೋಟಿ ಯೂರೊ ದಾಟಿದ ಖರೀದಿಯಾದರೆ ಸಹಿಗೆ ಮೊದಲು ಸಂಸತ್ತಿನ ಬಜೆಟ್ ಸಮಿತಿಯ ಮುಂದೆ ಇಡಬೇಕು. ಈಗಿನ ಯುದ್ಧ ಸಾಮಗ್ರಿಗಳ ಬೆಲೆಯಲ್ಲಿ 2.5 ಕೋಟಿ ಎಂದರೆ ಬಹಳವಲ್ಲ.

ಇನ್ನು ಕಾನೂನು ಬಿಟ್ಟು ನೆಲದ ಮೇಲಿನ ಲೆಕ್ಕಕ್ಕೆ ಬರೋಣ. ಸಂವಿಧಾನ ಚಾನ್ಸಲರ್ ಕೈಗೆ ಕೀಲಿ ಕೊಟ್ಟಿದ್ದರೂ, ಯಾವ ಖಾತೆ ಯಾವ ಪಕ್ಷಕ್ಕೆ ಎಂಬುದು ಸಮ್ಮಿಶ್ರ ಒಪ್ಪಂದದಲ್ಲಿ ತೀರ್ಮಾನವಾಗಿರುತ್ತದೆ, ಆ ಖಾತೆಗೆ ಯಾರು ಎಂಬುದನ್ನು ಆಯಾ ಪಕ್ಷವೇ ಹೇಳುತ್ತದೆ. ಇಲ್ಲಿ ಮಾತ್ರ ನಮ್ಮ ಹೈಕಮಾಂಡ್ ನೆನಪಾಗದೆ ಇರದು. ಸಾರಿಗೆ ಸಚಿವರಾಗಿದ್ದ ಆಂಡ್ರಿಯಾಸ್ ಶೋಯರ್ ಅವರ ಪ್ರಕರಣ ನೋಡಿ. ಕಾರುಗಳಿಗೆ ರಸ್ತೆ ಶುಲ್ಕ ವಿಧಿಸುವ ಯೋಜನೆಗೆ, ಯುರೋಪಿಯನ್ ನ್ಯಾಯಾಲಯದ ತೀರ್ಪಿಗೂ ಕಾಯದೆ 2018ರ ಕೊನೆಯಲ್ಲಿ ಗುತ್ತಿಗೆ ಕೊಟ್ಟರು. 2019ರ ಜೂನ್‌ನಲ್ಲಿ ನ್ಯಾಯಾಲಯ ಯೋಜನೆಯನ್ನೇ ಕೆಡವಿತು. ಗುತ್ತಿಗೆದಾರರಿಗೆ ಪರಿಹಾರವಾಗಿ ಸರ್ಕಾರ ಕೊನೆಗೆ ತೆತ್ತದ್ದು 24.3 ಕೋಟಿ ಯೂರೊ. ಸಂಸತ್ತಿನ ತನಿಖಾ ಸಮಿತಿಯೂ ಕೂತಿತು. ಶೋಯರ್ ಮಾತ್ರ ಸರ್ಕಾರದ ಅವಧಿ ಮುಗಿಯುವವರೆಗೆ, 2021ರ ಡಿಸೆಂಬರ್‌ವರೆಗೂ ಕುರ್ಚಿಯಲ್ಲೇ ಇದ್ದರು. ಅವರು ಬವೇರಿಯಾದ ಮಿತ್ರಪಕ್ಷದವರು. ಅವರನ್ನು ಮುಟ್ಟಿದರೆ ಮಿತ್ರಪಕ್ಷವನ್ನು ಮುಟ್ಟಿದಂತೆ, ಏಂಜೆಲಾ ಮರ್ಕೆಲ್ ಮುಟ್ಟಲಿಲ್ಲ. ಅದೇ ಮರ್ಕೆಲ್ 2012ರಲ್ಲಿ ಸ್ವಂತ ಪಕ್ಷದ ಪರಿಸರ ಸಚಿವ ನಾರ್ಬರ್ಟ್ ರೋಟ್ಗೆನ್ ಅವರನ್ನು, ರಾಜ್ಯ ಚುನಾವಣೆಯಲ್ಲಿ ಸೋತ ಕೆಲವೇ ದಿನಗಳಲ್ಲಿ, ಕಿತ್ತುಹಾಕಿದ್ದರು. ಕಾನೂನಿನ ವಿಧಿ ಎರಡು ಪ್ರಕರಣಕ್ಕೂ ಒಂದೇ, ತೆರಬೇಕಾದ ಬೆಲೆ ಬೇರೆ.

ವಿಯೆನ್ನಾಗೆ ಹೋದರೆ ಇದೆಲ್ಲ ತಲೆಕೆಳಗು. ಆಸ್ಟ್ರಿಯಾದ ಚಾನ್ಸಲರ್ ಸಚಿವರ ಮೇಲಧಿಕಾರಿ ಅಲ್ಲ, ಸಭೆಯ ಅಧ್ಯಕ್ಷ. ನೀತಿಯ ದಿಕ್ಕು ಹೇಳುವ ಅಧಿಕಾರ ಸಂವಿಧಾನದಲ್ಲಿಲ್ಲ. ಸಂಪುಟದ ನಿರ್ಣಯಗಳು ಸರ್ವಾನುಮತದಿಂದ ಆಗಬೇಕು, ಒಬ್ಬ ಸಚಿವರು ಒಲ್ಲೆನೆಂದರೂ ವಿಷಯ ಬಿದ್ದುಹೋಗುತ್ತದೆ.

ನೀವು ಕೇಳಿದ ಸಚಿವೆ ಲಿಯೊನೋರೆ ಗೆವೆಸ್ಲರ್, ಹಸಿರು ಪಕ್ಷದವರು, ಪರಿಸರ ಖಾತೆ. 2024ರ ಜೂನ್ 17ರಂದು ಲಕ್ಸೆಂಬರ್ಗ್‌ನಲ್ಲಿ ಯುರೋಪಿಯನ್ ಒಕ್ಕೂಟದ ಪರಿಸರ ಸಚಿವರ ಸಭೆ. ಹಾಳಾದ ಭೂಮಿ, ಸಮುದ್ರ ಪ್ರದೇಶಗಳನ್ನು ಪುನಶ್ಚೇತನಗೊಳಿಸುವ ಕಾನೂನು ಮತಕ್ಕೆ ಬಂದಿತ್ತು. ಪಾಸಾಗಲು ಒಕ್ಕೂಟದ ಶೇ 65ರಷ್ಟು ಜನಸಂಖ್ಯೆಯನ್ನು ಪ್ರತಿನಿಧಿಸುವ ದೇಶಗಳು ಬೇಕು. ಚಾನ್ಸಲರ್ ಕಾರ್ಲ್ ನೆಹಾಮರ್ ಅವರ ಪಕ್ಷ ಇದಕ್ಕೆ ವಿರುದ್ಧ. ಕೃಷಿ ಖಾತೆಯೂ ಅವರದೇ ಪಕ್ಷದ ಕೈಯಲ್ಲಿತ್ತು, ರಾಜ್ಯಗಳೂ ಮೊದಲೇ ವಿರೋಧ ಸೂಚಿಸಿದ್ದವು. ಸಚಿವೆ ಹಾಕುವ ಮತ ಕಾನೂನುಬಾಹಿರ ಎಂದು ನೆಹಾಮರ್ ಆ ಅವಧಿಗೆ ಅಧ್ಯಕ್ಷತೆ ವಹಿಸಿದ್ದ ಬೆಲ್ಜಿಯಂಗೆ ಪತ್ರವನ್ನೂ ಬರೆದರು. ಸಭೆಯಲ್ಲಿ ಕೂತಿರುವ ಸಚಿವರ ಮತವೇ ಆ ದೇಶದ ಮತ, ನಿಮ್ಮ ಮನೆಯ ಜಗಳ ನೀವೇ ನೋಡಿಕೊಳ್ಳಿ ಎಂಬ ಧಾಟಿಯಲ್ಲಿ ಬೆಲ್ಜಿಯಂ ನಡೆದುಕೊಂಡಿತು. ಗೆವೆಸ್ಲರ್ ಪರವಾಗಿ ಕೈಯೆತ್ತಿದರು. ಪರ ಬಂದ 20 ದೇಶಗಳ ಜನಸಂಖ್ಯೆ ಒಟ್ಟು ಶೇ 66.07. ಆಸ್ಟ್ರಿಯಾದ ಪಾಲು ಅದರಲ್ಲಿ ಸುಮಾರು ಶೇ 2. ಆ ಒಂದು ಕೈ ಏಳದಿದ್ದರೆ ಕಾನೂನು ಬೀಳುತ್ತಿತ್ತು.

ನೆಹಾಮರ್ ಯುರೋಪಿಯನ್ ನ್ಯಾಯಾಲಯಕ್ಕೆ ಹೋಗುವುದಾಗಿ ಹೇಳಿದರು, ಅವರ ಪಕ್ಷ ಅಧಿಕಾರ ದುರುಪಯೋಗದ ದೂರು ಕೊಟ್ಟಿತು. ಆದರೆ ತಮ್ಮ ಕೈಯಲ್ಲಿದ್ದ ಒಂದೇ ಅಸ್ತ್ರವನ್ನು, ಅಂದರೆ ಆಕೆಯನ್ನು ವಜಾ ಮಾಡಿ ಎಂದು ಅಧ್ಯಕ್ಷರಿಗೆ ಹೇಳುವುದನ್ನು, ಬಳಸಲಿಲ್ಲ. ಸೆಪ್ಟೆಂಬರ್ 29ಕ್ಕೆ ಚುನಾವಣೆ ಇತ್ತು ಎಂಬುದು ಒಂದು ಕಾರಣ. ಇನ್ನೊಂದು ಕಾರಣ ಐದು ವರ್ಷ ಹಿಂದಿನದು ಎಂದು ನನ್ನ ಅಂದಾಜು. 2019ರ ಮೇ ತಿಂಗಳಲ್ಲಿ, ಮಿತ್ರಪಕ್ಷದ ನಾಯಕ ಸರ್ಕಾರಿ ಗುತ್ತಿಗೆಯ ಆಮಿಷ ಒಡ್ಡುತ್ತಿದ್ದ ಇಬಿಜಾ ದ್ವೀಪದ ರಹಸ್ಯ ವಿಡಿಯೊ ಬಯಲಾದ ಮೇಲೆ, ಚಾನ್ಸಲರ್ ಸೆಬಾಸ್ಟಿಯನ್ ಕುರ್ಜ್ ಮಿತ್ರಪಕ್ಷದ ಗೃಹ ಸಚಿವ ಹರ್ಬರ್ಟ್ ಕಿಕಲ್ ಅವರನ್ನು ವಜಾ ಮಾಡಿಸಿದರು. ಎರಡನೇ ಗಣರಾಜ್ಯದಲ್ಲಿ, ಅಂದರೆ 1945ರ ನಂತರದ ಆಸ್ಟ್ರಿಯಾದಲ್ಲಿ, ಒಪ್ಪಿಗೆಯಿಲ್ಲದೆ ತೆಗೆದುಹಾಕಿಸಿಕೊಂಡ ಮೊದಲ ಸಚಿವ ಅವರು. ಆ ಪಕ್ಷದ ಉಳಿದ ಸಚಿವರೂ ಹೊರನಡೆದರು. ಐದೇ ದಿನದಲ್ಲಿ, ಮೇ 27ರಂದು, ಸಂಸತ್ತು ಕುರ್ಜ್ ಅವರನ್ನೂ ಇಡೀ ಸಂಪುಟವನ್ನೂ ಅವಿಶ್ವಾಸ ನಿರ್ಣಯದಲ್ಲಿ ಇಳಿಸಿತು. ಸಾಂವಿಧಾನಿಕ ನ್ಯಾಯಾಲಯದ ಅಧ್ಯಕ್ಷೆಯಾಗಿದ್ದ ಬ್ರಿಗಿಟ್ಟೆ ಬಿಯರ್ಲೈನ್ ಚಾನ್ಸಲರ್ ಆಗಿ, ರಾಜಕಾರಣಿಗಳಲ್ಲದ ತಜ್ಞರ ಸಂಪುಟ ಮುಂದಿನ ಜನವರಿವರೆಗೆ ದೇಶ ನಡೆಸಿತು.

ಜರ್ಮನಿಗೂ ಆಸ್ಟ್ರಿಯಾಗೂ ಇರುವ ಇನ್ನೊಂದು ದೊಡ್ಡ ವ್ಯತ್ಯಾಸ ಇಲ್ಲಿದೆ: ಆಸ್ಟ್ರಿಯಾದ ಸಂಸತ್ತು 74ನೇ ವಿಧಿಯಡಿ ಒಬ್ಬ ಸಚಿವರನ್ನೇ ಗುರಿಮಾಡಿ ಇಳಿಸಬಹುದು, ಬದಲಿ ಹೆಸರು ಕೊಡಬೇಕಿಲ್ಲ. ಅಧ್ಯಕ್ಷರೂ ಅಲಂಕಾರಕ್ಕೆ ಕೂತವರಲ್ಲ, ಜನರಿಂದ ನೇರ ಆಯ್ಕೆಯಾದವರು. 2000ದಲ್ಲಿ ಅಧ್ಯಕ್ಷ ಥಾಮಸ್ ಕ್ಲೆಸ್ಟಿಲ್ ಬಲಪಂಥೀಯ ಪಕ್ಷ ಕೊಟ್ಟ ಹೆಸರುಗಳಲ್ಲಿ ಎರಡನ್ನು ಒಪ್ಪಲಿಲ್ಲ, ಬೇರೆಯವರನ್ನು ಕೊಡಬೇಕಾಯಿತು. ಫೆಬ್ರುವರಿ 4ರ ಪ್ರಮಾಣವಚನದ ದಿನ ಹೊರಗೆ ಪ್ರತಿಭಟನೆ ಎಷ್ಟಿತ್ತೆಂದರೆ ಭಾವಿ ಸಚಿವರು ಚಾನ್ಸಲರ್ ಕಚೇರಿಯಿಂದ ಎದುರಿನ ಅರಮನೆಗೆ ನೆಲದಡಿಯ ದಾರಿಯಲ್ಲಿ ನಡೆದು ಹೋದರು. ಕ್ಲೆಸ್ಟಿಲ್ ಕಲ್ಲಿನಂಥ ಮುಖ ಮಾಡಿಕೊಂಡೇ ಪ್ರಮಾಣ ಬೋಧಿಸಿದ್ದನ್ನು ಅಲ್ಲಿನವರು ಇಂದಿಗೂ ಹೇಳುತ್ತಾರೆ. 2021ರಲ್ಲಿ ಹಣಕಾಸು ಸಚಿವ ಗೆರ್ನಾಟ್ ಬ್ಲ್ಯೂಮೆಲ್ ಸಂಸತ್ತಿನ ತನಿಖಾ ಸಮಿತಿಗೆ ಕಡತ ಕೊಡಲು ಸತಾಯಿಸಿದಾಗ ಸಾಂವಿಧಾನಿಕ ನ್ಯಾಯಾಲಯ ತನ್ನ ಆದೇಶ ಜಾರಿ ಮಾಡಿಸಿ ಎಂದು ಅಧ್ಯಕ್ಷರನ್ನೇ ಕೋರಿತು. ಮರುದಿನವೇ ಕಡತಗಳು ಬಂದವು.

ಇಷ್ಟೆಲ್ಲ ಅಂಕೆ ಇದ್ದರೂ ತನ್ನ ಖಾತೆಯೊಳಗೆ ಆಸ್ಟ್ರಿಯಾದ ಸಚಿವರಿಗೆ ಜರ್ಮನ್ ಸಚಿವರಿಗಿಂತ ಕೈ ಉದ್ದ. ಅಲ್ಲಿ ಪೊಲೀಸ್ ವ್ಯವಸ್ಥೆ ಇಡೀ ಒಕ್ಕೂಟದ್ದು, ಗೃಹ ಸಚಿವರ ಅಧೀನ. ಶಾಲಾ ಪಠ್ಯಕ್ರಮವನ್ನೂ ಕೇಂದ್ರದ ಶಿಕ್ಷಣ ಸಚಿವರೇ ಹೊರಡಿಸುತ್ತಾರೆ. ಸರ್ಕಾರಿ ವಕೀಲರಿಗೆ ನ್ಯಾಯ ಸಚಿವರು ಸೂಚನೆ ಕೊಡಬಹುದಾದ್ದರಿಂದ ಆ ಖಾತೆಗೆ ಪ್ರತಿ ಸಲವೂ ಜಗ್ಗಾಟ. ಜರ್ಮನಿಯಲ್ಲಿ ಬೀದಿಯ ಪೊಲೀಸ್, ಶಾಲೆ, ವಿಶ್ವವಿದ್ಯಾಲಯ ಎಲ್ಲ ರಾಜ್ಯಗಳವು. ಕೇಂದ್ರ ಗೃಹ ಸಚಿವರ ಪೊಲೀಸರು ಗಡಿ, ರೈಲು ನಿಲ್ದಾಣ, ವಿಮಾನ ನಿಲ್ದಾಣಗಳಲ್ಲಿ ಕಾಣುತ್ತಾರೆ. ಒಕ್ಕೂಟದ ಕಾನೂನನ್ನು ಜಾರಿ ಮಾಡುವುದೂ ಹೆಚ್ಚಾಗಿ ರಾಜ್ಯಗಳ ಕೆಲಸ.

ಬರ್ನ್‌ನ ವಿಷಯಕ್ಕೆ ಬಂದರೆ, ನಿಮ್ಮ ಸೊಸೆಯ ತಮ್ಮ ಹೇಳಿದ್ದು ಸರಿ, ಪ್ರಧಾನಿ ಇಲ್ಲ. 90 ಲಕ್ಷ ಜನರ ದೇಶಕ್ಕೆ ಏಳೇ ಸಚಿವರು, 1848ರಿಂದಲೂ ಏಳೇ. 224 ಶಾಸಕರ ನಮ್ಮ ವಿಧಾನಸಭೆಗೆ 34 ಸಚಿವರ ಮಿತಿಯನ್ನು ಕಾನೂನು ಮಾಡಿ ಹೇರಬೇಕಾಯಿತು ಎಂಬುದನ್ನು ನೆನೆದರೆ ನಗು ಬರುತ್ತದೆ. ಸಂಸತ್ತಿನ ಎರಡೂ ಸದನಗಳ 246 ಸದಸ್ಯರು ಒಟ್ಟಿಗೆ ಕೂತು, ಗುಪ್ತ ಮತದಲ್ಲಿ, ಒಬ್ಬೊಬ್ಬರನ್ನಾಗಿ ನಾಲ್ಕು ವರ್ಷಕ್ಕೆ ಆರಿಸುತ್ತಾರೆ. ಆಮೇಲೆ ಯಾರೂ ಅವರನ್ನು ತೆಗೆಯುವಂತಿಲ್ಲ. ಅವಿಶ್ವಾಸ ನಿರ್ಣಯ ಇಲ್ಲ, ವಜಾ ಇಲ್ಲ, ಸಂಪುಟ ಪುನಾರಚನೆ ಇಲ್ಲ. ಮರು ಆಯ್ಕೆ ಬಯಸಿಯೂ ಸಿಗದೆ ಹೋದದ್ದು ಇಷ್ಟು ವರ್ಷದಲ್ಲಿ ನಾಲ್ವರಿಗೆ ಮಾತ್ರ: 1854, 1872, 2003, 2007ರಲ್ಲಿ. ಕೊನೆಯವರು ಕ್ರಿಸ್ಟೋಫ್ ಬ್ಲೋಖರ್. ಸಂಸತ್ತು ಅವರನ್ನು ಬಿಟ್ಟು ಅವರದೇ ಪಕ್ಷದ ಎವೆಲಿನ್ ವಿಡ್ಮರ್-ಶ್ಲುಂಪ್ಫ್ ಅವರನ್ನು ಆರಿಸಿತು. ಪಕ್ಷ ಸಿಟ್ಟಿನಿಂದ ಆಕೆಯ ಇಡೀ ಪ್ರಾಂತ್ಯ ಘಟಕವನ್ನೇ ಹೊರಹಾಕಿತು. ಆಕೆ ಮಾತ್ರ 2015ರವರೆಗೆ ಸಚಿವೆಯಾಗಿದ್ದರು.

ಅಧ್ಯಕ್ಷ ಪದವಿ ಈ ಏಳು ಜನರ ನಡುವೆ ವರ್ಷಕ್ಕೊಬ್ಬರಂತೆ ಸುತ್ತುತ್ತದೆ. 2025ರಲ್ಲಿ ಕರಿನ್ ಕೆಲ್ಲರ್-ಸುಟರ್ ಹಣಕಾಸು ಖಾತೆ ನೋಡಿಕೊಂಡೇ ಅಧ್ಯಕ್ಷೆಯೂ ಆಗಿದ್ದರು. ‘ಚಾನ್ಸಲರ್’ ಎಂಬ ಹುದ್ದೆ ಅಲ್ಲೂ ಇದೆ, ಆದರೆ ಅವರು ಸರ್ಕಾರದ ಕಚೇರಿ ಮುಖ್ಯಸ್ಥರು. ದೊಡ್ಡ ಪಕ್ಷಗಳೆಲ್ಲ ಒಟ್ಟಿಗೇ ಸರ್ಕಾರದಲ್ಲಿರುತ್ತವೆ, ಭಾಷೆ ಪ್ರದೇಶಗಳಿಗೂ ಸೂಕ್ತ ಪ್ರಾತಿನಿಧ್ಯ ಇರಬೇಕೆಂದು ಸಂವಿಧಾನವೇ ಹೇಳುತ್ತದೆ. ಹಾಗಾಗಿ ಸಚಿವರು ತಮ್ಮ ಖಾತೆಯ ಒಡೆಯರೂ ಹೌದು, ಉಳಿದ ಆರು ಖಾತೆಗಳ ನಿರ್ಣಯಕ್ಕೆ ಏಳನೇ ಒಂದು ಪಾಲು ಹೊಣೆಗಾರರೂ ಹೌದು. ಒಳಗೆ ಸೋತರೂ ಹೊರಗೆ ಗೆದ್ದವರ ಮಾತನ್ನೇ ಆಡಬೇಕು, ಮನೆಯೊಳಗಿನ ಜಗಳ ಹೊಸ್ತಿಲು ದಾಟಬಾರದು ಎನ್ನುವ ಅವಿಭಕ್ತ ಕುಟುಂಬದ ಹಾಗೆ.

ಇದು ಎಷ್ಟು ಕಷ್ಟದ್ದು ಎಂಬುದಕ್ಕೆ 2024ರ ಮಾರ್ಚ್ 3ರ ಜನಮತಗಣನೆ ಸಾಕು. ವೃದ್ಧಾಪ್ಯ ಪಿಂಚಣಿಗೆ ವರ್ಷಕ್ಕೆ ಹದಿಮೂರನೇ ಕಂತು ಕೊಡಿ ಎಂಬ ಪ್ರಸ್ತಾವ ಕಾರ್ಮಿಕ ಸಂಘಗಳದು. ಸಮಾಜವಾದಿ ಪಕ್ಷ ಅದರ ಪರ. ಸಂಪುಟ ವಿರುದ್ಧ. ಪಿಂಚಣಿ ವಿಷಯ ಬರುವ ಗೃಹ ಖಾತೆಯನ್ನು ಆ ಜನವರಿಯಲ್ಲಷ್ಟೇ ವಹಿಸಿಕೊಂಡಿದ್ದವರು ಎಲಿಜಬೆತ್ ಬೋಮ್-ಶ್ನೈಡರ್, ಸಮಾಜವಾದಿ ಪಕ್ಷದವರೇ. ಸ್ವಂತ ಪಕ್ಷದ ಬೇಡಿಕೆಯ ವಿರುದ್ಧ ವಾದಿಸುವ ಕೆಲಸ ಅವರ ಪಾಲಿಗೆ ಬಂತು. ದೇಶಕ್ಕೆ ಇದು ಭಾರವಾಗುತ್ತದೆ ಎಂದು ಸಂಪುಟದ ಪರ ವಾದ ಮಾಡಿದರು, ಶೇ 58.2ರಷ್ಟು ಜನ ಪ್ರಸ್ತಾವವನ್ನು ಒಪ್ಪಿದರು, ಸಚಿವೆ ಸೋತರು. ರಾಜೀನಾಮೆ ಕೊಡಿ ಎಂಬ ಕೂಗಿಗೆ ಅಲ್ಲಿ ಜಾಗವೇ ಇಲ್ಲ. ಮರುದಿನದಿಂದ ಅದೇ ಹದಿಮೂರನೇ ಕಂತಿಗೆ ದುಡ್ಡು ಹೊಂದಿಸುವ ಮಸೂದೆ ತಯಾರಿಸುವುದೂ ಅವರದೇ ಕೆಲಸ. ನಿಯಮ ಮುರಿದವರೂ ಇದ್ದಾರೆ. ಹಣಕಾಸು ಸಚಿವ ಉಲಿ ಮೌರರ್ 2021ರಲ್ಲಿ, ಸಂಪುಟದ ಕೋವಿಡ್ ಕ್ರಮಗಳನ್ನು ವಿರೋಧಿಸಿ ಹಸುವಿನ ಗಂಟೆ ಬಾರಿಸುತ್ತ ಮೆರವಣಿಗೆ ಮಾಡುತ್ತಿದ್ದ ಗುಂಪಿನ ಅಂಗಿ ತೊಟ್ಟು ಫೋಟೊಗೆ ನಿಂತರು. ದೊಡ್ಡ ಗುಲ್ಲಾಯಿತು, ಏನೂ ಆಗಲಿಲ್ಲ, ಆಗುವುದಕ್ಕೆ ದಾರಿಯೂ ಇರಲಿಲ್ಲ.

ಈಗ ನಿಮ್ಮ ಮಗನ ಪರವಾನಗಿ. ಜರ್ಮನಿಯ ಗೃಹ ಸಚಿವರಿಗೆ ಬರೆಯುವುದರಿಂದ ಅಂಚೆ ವೆಚ್ಚ ಬಿಟ್ಟರೆ ಬೇರೇನೂ ಆಗದು. ವಾಸದ ಕಾನೂನು ಒಕ್ಕೂಟದ್ದು, ಆದರೆ ಅರ್ಜಿ ತೀರ್ಮಾನಿಸುವುದು ನಗರ ಅಥವಾ ಜಿಲ್ಲೆಯ ವಿದೇಶಿಯರ ಕಚೇರಿ, ಅದರ ಮೇಲ್ವಿಚಾರಣೆ ರಾಜ್ಯದ್ದು. ಕೇಂದ್ರ ಸಚಿವರು ಆ ಗುಮಾಸ್ತರಿಗೆ ಒಂದು ಕಡತವನ್ನು ಮೇಲೆತ್ತಿ ಎಂದು ಹೇಳುವ ಸ್ಥಾನದಲ್ಲಿಲ್ಲ. (ವೀಸಾ ಬೇರೆ. ಬೆಂಗಳೂರಿನ ಜರ್ಮನ್ ಕಾನ್ಸುಲೇಟ್ ಕೊಡುವ ವೀಸಾ ವಿದೇಶಾಂಗ ಸಚಿವಾಲಯದ ಅಡಿ ಬರುತ್ತದೆ.) ಹಳೆಯ ಪರವಾನಗಿ ಮುಗಿಯುವ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿದ್ದರೆ, ತೀರ್ಮಾನ ಬರುವವರೆಗೆ ಅದು ಮುಂದುವರಿದಂತೆಯೇ ಲೆಕ್ಕ. ಅದಕ್ಕೆ ದಾಖಲೆಯಾಗಿ ಒಂದು ಪ್ರಮಾಣಪತ್ರ ಕೊಡುತ್ತಾರೆ, ಇಲ್ಲದಿದ್ದರೆ ಮಗ ಮೊದಲು ಅದನ್ನು ಕೇಳಿ ಪಡೆಯಲಿ. ಅರ್ಜಿ ಕೊಟ್ಟು ಮೂರು ತಿಂಗಳಾದರೂ ಸೂಕ್ತ ಕಾರಣವಿಲ್ಲದೆ ತೀರ್ಮಾನ ಬಾರದಿದ್ದರೆ ಆಡಳಿತ ನ್ಯಾಯಾಲಯದಲ್ಲಿ ವಿಳಂಬದ ವಿರುದ್ಧ ದಾವೆ ಹೂಡಬಹುದು. ವಕೀಲರ ಒಂದು ನೋಟಿಸಿಗೇ ಕೆಲವು ಕಡತಗಳು ಓಡುತ್ತವೆ. ಖರ್ಚಿಲ್ಲದ ದಾರಿ ಎಂದರೆ ಆ ರಾಜ್ಯದ ಶಾಸನಸಭೆಯ ಅರ್ಜಿ ಸಮಿತಿ. ಮನವಿ ಸಲ್ಲಿಸುವ ಹಕ್ಕು ಸಂವಿಧಾನದ 17ನೇ ವಿಧಿಯಲ್ಲಿ ಎಲ್ಲರಿಗೂ ಇದೆ, ಪೌರತ್ವ ಬೇಕಿಲ್ಲ. ಪತ್ರ ಜರ್ಮನ್ ಭಾಷೆಯಲ್ಲೇ ಇರಲಿ, ಕಡತದ ಸಂಖ್ಯೆಯನ್ನು ಮೊದಲ ಸಾಲಿನಲ್ಲೇ ಬರೆಯಲಿ.